ಮೋಟರಜ್ಜನ ಊರಿಗೆ ಮಾಣಿಕಣ್ಣನನ್ನು ಬಿಟ್ಟು ಹೋದದ್ದು

ಭಾಲ್ಕಿ

ಪರದೇಶಕ್ಕೆ ಹೋಗಿ ಬಂದವನನ್ನು ಭಾಲ್ಕಿಯಲ್ಲಿ ಮೂರು ಮಾತು ಕೇಳುತ್ತಾರೆ: ಊಟಕ್ಕೆ ಏನು ಮಾಡಿದ್ರಿ, ಚಳಿ ಎಷ್ಟಿತ್ತು, ಅಲ್ಲಿ ನಮ್ಮ ಮಂದಿ ಅದಾರೇನು. ಯಾಕೆ ಹೋಗಿದ್ರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಒಳ್ಳೆಯದೇ ಆಯಿತು. ಕೇಳಿದ್ದರೆ ಎಂದಿನಂತೆ ಏನೋ ಒಂದು ಸುಳ್ಳು ಹೇಳಿ ಚಹಾ ತರಿಸುತ್ತಿದ್ದೆ.

ನಾನು ವೈಜನಾಥ. ಮೋಟರ್ ಕಟ್ಟುವುದು ನನ್ನ ಕಸುಬು. ಬಾವಿಯ ಪಂಪಿನ ಮೋಟರ್ ಸುಟ್ಟಾಗ ಒಳಗಿನ ಕಪ್ಪಾದ ತಾಮ್ರದ ತಂತಿ ಕಿತ್ತು, ಸುತ್ತು ಎಣಿಸಿ, ಅಷ್ಟೇ ಸುತ್ತಿನ ಹೊಸ ತಂತಿ ಕಟ್ಟಿಕೊಡುವುದು. ಈ ಕೆಲಸವನ್ನು ಬೀದರಿನ ಒಬ್ಬ ಉಸ್ತಾದರ ಬಳಿ ಕಲಿತೆ. ನನ್ನ ಜೊತೆ ಅಲ್ಲಿ ಕಲಿತವನು ಔರಾದ ತಾಲ್ಲೂಕು ಚಿಂತಾಕಿಯ ಮಾಣಿಕಪ್ಪ. ವಯಸ್ಸಿನಲ್ಲಿ ನನಗಿಂತ ಹಿರಿಯ, ಕೆಲಸದಲ್ಲಿ ಇನ್ನೂ ಹಿರಿಯ. ನನಗೆ ಅವನು ಮಾಣಿಕಣ್ಣ.

ಉಸ್ತಾದರ ಅಂಗಡಿಯ ಗೋಡೆಯ ಮೇಲೆ ಒಂದೇ ಒಂದು ಚಿತ್ರವಿತ್ತು. ತೆಳ್ಳಗಿನ ಮುಖ, ನಡುವೆ ಬೈತಲೆ, ಸಣ್ಣ ಮೀಸೆ. ಈ ತಿರುಗುವ ಮೋಟರನ್ನು ಲೋಕಕ್ಕೆ ಕೊಟ್ಟ, ಸರ್ಬಿಯನ್ನರ ಪೈಕಿಯ ಮನುಷ್ಯ. ಅವರ ಹೆಸರು ನಮ್ಮ ಉಸ್ತಾದರ ನಾಲಿಗೆಗೆ ಹೊರಳುತ್ತಿರಲಿಲ್ಲ, ಮೋಟರಜ್ಜ ಎನ್ನುತ್ತಿದ್ದರು. ನಮಗೂ ಅದೇ ರೂಢಿಯಾಯಿತು. ಇಲ್ಲಿಯೂ ಹಾಗೇ ಬರೆಯುತ್ತೇನೆ, ತಿಳಿದವರಿಗೆ ತಿಳಿಯುತ್ತದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮಾಣಿಕಣ್ಣ ಆ ಚಿತ್ರದ ಧೂಳು ಒರೆಸುತ್ತಿದ್ದ. 'ಒಮ್ಮಿ ಈ ಅಜ್ಜನ ಊರಿಗಿ ಹೋಗಿ ಬರೋಣು ನಡಿಯೋ ವೈಜು' ಎನ್ನುತ್ತಿದ್ದ. ಔರಾದಿನಿಂದ ಬೀದರಿಗೆ ಬರಲು ಬಸ್ಸು ಸಿಗದೆ ಜನವಾಡದಲ್ಲಿ ತಾಸುಗಟ್ಟಲೆ ನಿಲ್ಲುತ್ತಿದ್ದ ಮನುಷ್ಯ ಹೇಳುತ್ತಿದ್ದ ಮಾತಿದು.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಸುಮಾರು ಮೂವತ್ತು ವರ್ಷದ ಹಿಂದೆ ನಮ್ಮ ಕಡೆ ಪಂಪಿಗೆ ಬೇಕಾದ ಮೂರು ತಂತಿಯ ಕರೆಂಟು, ಅಂದರೆ ಮೂರು ಫೇಸು, ಒಟ್ಟಿಗೆ ಬರುವುದೇ ಅಪರೂಪ. ಎರಡೇ ಬಂದಾಗ ಪಂಪು ಹಾಕಿದರೆ ಮೋಟರ್ ಗುಂಯ್ ಎಂದು ನಿಂತಲ್ಲೇ ಸುಡುತ್ತಿತ್ತು. ಮಾಣಿಕಣ್ಣ ಒಂದು ಡಬ್ಬಿ ಮಾಡಿದ. ಅದನ್ನು ಜೋಡಿಸಿದರೆ ಎರಡು ಫೇಸಿನಲ್ಲೂ ಮೋಟರ್ ಎದ್ದು ತಿರುಗುತ್ತಿತ್ತು, ಸುಡುತ್ತಿರಲಿಲ್ಲ. ಬೀದರಿನ ಒಂದು ಮೇಳದಲ್ಲಿ ಅದನ್ನು ಇಟ್ಟೆವು. 'ನಂಗ ಮಂದಿ ಮುಂದ ಮಾತು ಬರಂಗಿಲ್ಲ, ನೀ ಮಾತಾಡು' ಎಂದು ಮಾಣಿಕಣ್ಣ ಹಿಂದೆ ನಿಂತ. ಪತ್ರಿಕೆಯವರೊಬ್ಬರು ಬಂದು, ಇದನ್ನು ಮಾಡಿದವರು ನೀವೇ ಏನು ಎಂದರು. ನಾನು ಹೌದು ಎಂದೆ. ನಮ್ಮದು ಎಂಬ ಅರ್ಥದಲ್ಲಿ ಹೌದು ಎಂದೆ ಅಂತ ಅವತ್ತು ನನಗೆ ನಾನೇ ಹೇಳಿಕೊಂಡೆ. ಮರುದಿನ ಪತ್ರಿಕೆಯಲ್ಲಿ ನನ್ನ ಚಿತ್ರ, ನನ್ನ ಹೆಸರು, ಡಬ್ಬಿ ಹೇಗೆ ನಡೆಯುತ್ತದೆಂದು ನಾನು ಹೇಳಿದ ಎರಡು ಮಾತು. ಆಮೇಲೆ ಭಾಲ್ಕಿಯಲ್ಲಿ ಶಾಲು, ಹಾರ, ಶಾಲೆಗಳಲ್ಲಿ ಭಾಷಣ. ತಿದ್ದಬೇಕಿತ್ತು. ತಿದ್ದಲಿಲ್ಲ. ನಾನು ಲಿಂಗವಂತರ ಪೈಕಿ, ಪೇಟೆಯಲ್ಲಿ ಅಂಗಡಿ ಇದ್ದವನು. ಅವನು ಊರ ಹೊರಗಿನ ದಲಿತ ಬೌದ್ಧರ ಕೇರಿಯವನು. ಯಾರೂ ಎರಡನೇ ಸಲ ಕೇಳಲಿಲ್ಲ ಎಂಬುದಕ್ಕೆ ಇದೂ ಕಾರಣ, ಮತ್ತು ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಮೋಟರಜ್ಜನ ಊರಿಗೆ ಹೊರಡುವ ಮೊದಲು ಚಿಂತಾಕಿಗೆ ಹೋಗಿದ್ದೆ. ಮಾಣಿಕಣ್ಣನಿಗೆ ಈಗ ಎರಡೂ ಕೈ ನಡುಗುತ್ತವೆ, ನಡೆಯಲು ಗೋಡೆ ಬೇಕು. ಹೇಳಿಬಿಡಬೇಕು ಎಂದೇ ಹೋದದ್ದು. ಚಹಾ ಕುಡಿದೆ, ಮಳೆಯ ಮಾತಾಡಿದೆ, ಎದ್ದೆ. 'ಚಲೋ ನೋಡಿ ಬಾ' ಎಂದ, ಅಷ್ಟೇ. ಬಾ ಹೋಗೋಣ ಎಂದು ಅವನ ಕಾಲು ಗಟ್ಟಿಯಿದ್ದಾಗ ನಾನು ಒಂದು ದಿನವೂ ಕರೆದಿರಲಿಲ್ಲ.

ಬೆಲ್‌ಗ್ರೇಡ್: ಕಿಟಕಿ

ನನ್ನನ್ನು ಕರೆಸಿಕೊಂಡವನು ತಂಗಿಯ ಮಗ ಸಂಜು. ಕಮಲನಗರದವನು, ಬೆಲ್‌ಗ್ರೇಡಿನಲ್ಲಿ ಕಟ್ಟಡಗಳಿಗೆ ವೈರಿಂಗ್ ಮಾಡುತ್ತಾನೆ. ಅವನ ಬಾಯಲ್ಲಿ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಜೊತೆಗೆ ಈಗ ಸರ್ಬಿಯಾದ ಭಾಷೆಯೂ ಸೇರಿ ಭೇಳಪುರಿಯಾಗಿದೆ. ವಿಮಾನ ನಿಲ್ದಾಣದಲ್ಲಿ ಸಿಕ್ಕವನೇ ಕಾಲು ಮುಟ್ಟಿ, ನನ್ನ ಚೀಲ ಮೂಸಿ ನೋಡಿ, 'ಮಾಮಾ, ಶೇಂಗಾ ಹಿಂಡಿ ತಂದೀರಿ ಹೌದಲ್ಲರಿ?' ಎಂದ. ತಂದಿದ್ದೆ. ಆ ಚಟ್ನಿಪುಡಿಯ ಜೊತೆಗೆ ಖಡಕ್ ಜೋಳದ ರೊಟ್ಟಿ ಇಪ್ಪತ್ತು. ತಪಾಸಣೆಯ ಹೆಣ್ಣುಮಗಳು ಒಂದು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಮೇಜಿಗೆ ಬಡಿದು, ಇದು ತಿನ್ನುವುದೇ ಎಂದು ಸನ್ನೆ ಮಾಡಿ ಕೇಳಿದ್ದಳು. ನಾನು ಒಂದು ಚೂರು ಮುರಿದು ಕಟಕಟ ತಿಂದು ತೋರಿಸಿದೆ. ಅವಳು ನಕ್ಕು ಬಿಟ್ಟುಬಿಟ್ಟಳು.

ಅಲ್ಲಿಯ ಮಂದಿ ಒಳ್ಳೆಯವರು, ಆದರೆ ಗಾಳಿಗೆ ಹೆದರುತ್ತಾರೆ. ಬೇಸಿಗೆಯ ಮಧ್ಯಾಹ್ನ ಬಸ್ಸಿನಲ್ಲಿ ಬೆವರು ಸುರಿಯುತ್ತಿತ್ತು. ನಾನು ನಮ್ಮ ಕಡೆಯವನಲ್ಲವೇ, ಎದ್ದು ಈಚೆಯ ಕಿಟಕಿ ತೆರೆದೆ, ಆಚೆಯದನ್ನೂ ತೆರೆದೆ, ಗಾಳಿ ಹಾಯಲಿ ಎಂದು. ಒಬ್ಬ ಮುದುಕಿ ದಡಬಡ ಎದ್ದು ಬಂದು ಎರಡನ್ನೂ ಮುಚ್ಚಿ, ತನ್ನ ಕತ್ತು, ಕಿವಿ, ಸೊಂಟ ಮುಟ್ಟಿ ತೋರಿಸಿ, ನನಗೆ ಒಂದು ಉಪನ್ಯಾಸವನ್ನೇ ಕೊಟ್ಟಳು. ಎದುರುಬದುರು ಕಿಟಕಿ ತೆರೆದರೆ ಆ ಗಾಳಿಗೆ ಕತ್ತು ಹಿಡಿಯುತ್ತದೆ, ಮುಖ ಸೊಟ್ಟಾಗುತ್ತದೆ, ಮನುಷ್ಯ ಸತ್ತೇ ಹೋಗಬಹುದು ಎಂಬುದು ಅವರ ನಂಬಿಕೆಯಂತೆ. ಬೀದರಿನ ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಟವಲ್ ಎಸೆದು ಜಾಗ ಹಿಡಿಯುವ ನಮ್ಮವರನ್ನು ಕಂಡರೆ ಈ ಮುದುಕಿ ಏನನ್ನುತ್ತಿದ್ದಳೋ!

ಸಂಜು ಬಾಡಿಗೆಗಿದ್ದ ಮನೆಯ ಯಜಮಾನಿಯೂ ಅಂಥವಳೇ. ಬರಿಗಾಲಲ್ಲಿ ಓಡಾಡಿದ್ದಕ್ಕೆ ನನ್ನನ್ನು ಬೈದು ಒಂದು ಜೊತೆ ಮನೆಚಪ್ಪಲಿ ಎಸೆದಳು. ಮನೆಯೊಳಗೆ ಚಪ್ಪಲಿ! ನನ್ನ ಅವ್ವ ಇದ್ದಿದ್ದರೆ ಅದೇ ಚಪ್ಪಲಿ ತೆಗೆದುಕೊಂಡು ನನಗೆ ಬಿಡುತ್ತಿದ್ದಳು. ಆದರೆ ಅದೇ ಯಜಮಾನಿ ಮೊದಲ ದಿನ ನಾನು ಒಳಗೆ ಕಾಲಿಟ್ಟೊಡನೆ ಒಂದು ಚಮಚ ಹಣ್ಣಿನ ಸಿಹಿ, ಒಂದು ಗ್ಲಾಸು ನೀರು ತಂದು ಮುಂದೆ ಹಿಡಿದಳು. ಸಿಹಿ ತಿಂದು ನೀರು ಕುಡಿದ ಮೇಲೆಯೇ ಮಾತು. ಬಿಸಿಲಿಂದ ಬಂದವರಿಗೆ ನಾವು ಬೆಲ್ಲ, ನೀರು ಕೊಡುವುದಿಲ್ಲವೇ, ಹಾಗೆಯೇ. ಚಿಂತಾಕಿಯಲ್ಲಿ ಮಾಣಿಕಣ್ಣನ ಹೆಂಡತಿ ಶಾಂತಾಬಾಯಿ ವೈನಿ ಕೊಡುತ್ತಿದ್ದ ಬೆಲ್ಲದ ಹೆಂಟೆ ನೆನಪಾಯಿತು. ನನಗೆ ಆ ಊರಲ್ಲಿ ಏನು ನೋಡಿದರೂ ಅದೇ ಮನೆ ನೆನಪಾಗುವುದು ಶುರುವಾಯಿತು.

ತಾಮ್ರದ ಮೊಟ್ಟೆ

ಮೋಟರಜ್ಜನ ಸಾಮಾನು ಇಟ್ಟಿರುವ ಮನೆ ದೊಡ್ಡದೇನಲ್ಲ. ನಮ್ಮ ಬೀದರಿನ ಹಳೆಯ ವಾಡೆಯಂಥ ಒಂದು ಕಟ್ಟಡ. ನಾನು ಹೊಸಿಲಿಗೆ ಕೈಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಹೋದೆ. ಬಾಗಿಲಲ್ಲಿದ್ದವನು ನನ್ನ ಕೈಯಿಂದ ಏನೋ ಬಿತ್ತೆಂದು ನೆಲದಲ್ಲಿ ಹುಡುಕಿದ.

ತೋರಿಸಲು ಬಂದವಳು ಒಬ್ಬ ತರುಣಿ. ವಿದ್ಯುತ್ತಿನ ವಿಷಯವನ್ನೇ ಓದುತ್ತಿದ್ದಳಂತೆ. ಅವಳು ಇಂಗ್ಲಿಷಿನಲ್ಲಿ ಹೇಳುವುದು, ಸಂಜು ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳುವುದು. ಅಜ್ಜ, ಈಗ ಪಕ್ಕದ ದೇಶಕ್ಕೆ ಸೇರಿದ ಗುಡ್ಡಗಾಡಿನ ಹಳ್ಳಿಯಲ್ಲಿ, ಒಬ್ಬ ಚರ್ಚಿನ ಪೂಜಾರಿಯ ಮಗನಾಗಿ ಹುಟ್ಟಿದ್ದು. ತಾಯಿಗೆ ಓದು ಬರಹ ಇರಲಿಲ್ಲ, ಆದರೆ ಮನೆಗೆಲಸದ ಸಲಕರಣೆಗಳನ್ನು ತಾನೇ ಮಾಡಿಕೊಳ್ಳುತ್ತಿದ್ದಳಂತೆ. ಮಗನಿಗೆ ಒಂದು ಸಂಜೆ ಗೆಳೆಯನ ಜೊತೆ ತಿರುಗಾಡುವಾಗ ಮೋಟರಿನ ಉಪಾಯ ಹೊಳೆದು, ಅಲ್ಲೇ ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದ್ದು. ಅಮೆರಿಕಕ್ಕೆ ಹೋದದ್ದು, ಕೆಲಸ ಕೊಟ್ಟವರ ಜೊತೆ ಜಗಳವಾದದ್ದು. ಕೊನೆಗೆ ಒಂದು ಹೋಟೆಲಿನ ಕೋಣೆಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತ ಒಬ್ಬರೇ ಇದ್ದು ಒಬ್ಬರೇ ಸತ್ತದ್ದು. ಅವರ ಟೋಪಿ, ಕೈಗವಸು, ಪತ್ರ, ಚೀಟಿ ಎಲ್ಲವನ್ನೂ ಗಾಜಿನಲ್ಲಿಟ್ಟಿದ್ದಾರೆ. ಚಿನ್ನದ ಬಣ್ಣದ ಒಂದು ಗೋಳದೊಳಗೆ ಅವರ ಬೂದಿಯೇ ಇದೆ. ನಾನು ಅದರ ಮುಂದೆ ಕೈಮುಗಿದು ನಿಂತೆ. ಹೊಳೆಗೆ ಬಿಡದೆ ಹೀಗೆ ಇಟ್ಟುಕೊಂಡಿದ್ದಾರಲ್ಲ ಎಂದು ಸಂಕಟವೂ ಆಯಿತು.

'ಇವರು ಕಂಡುಹಿಡಿದದ್ದನ್ನು ಬೇರೆಯವರು ತಮ್ಮದೆಂದು ಹೇಳಿಕೊಂಡರು' ಎಂದಳು ಹುಡುಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಗತಿ ಅದೇ ಆಯಿತು. ಅವಳು ಎಲ್ಲರಿಗೂ ಹೇಳಿದ ಮಾತು. ಆದರೂ ನಾನು ಕಾಲಿನ ಬೂಟು ನೋಡಿದೆ.

ಆಮೇಲೆ ಮೊಟ್ಟೆ ತೋರಿಸಿದಳು. ತಾಮ್ರದ ಮೊಟ್ಟೆ. ದುಂಡನೆಯ ತಟ್ಟೆಯಲ್ಲಿ ಮಲಗಿರುತ್ತದೆ, ಕೆಳಗೆ ಸುತ್ತಲೂ ತಂತಿಯ ಸುತ್ತು. ಕರೆಂಟು ಬಿಟ್ಟರೆ ಯಾರೂ ಮುಟ್ಟದೆ ಮೊಟ್ಟೆ ಹೊರಳುತ್ತದೆ, ಗಿರಗಿರ ತಿರುಗುತ್ತದೆ, ತಿರುಗುತ್ತ ತಿರುಗುತ್ತ ತನ್ನಷ್ಟಕ್ಕೆ ಎದ್ದು ನೆಟ್ಟಗೆ ನಿಲ್ಲುತ್ತದೆ. ನಲವತ್ತು ವರ್ಷ ನಾನು ಕಟ್ಟಿದ ಮೋಟರುಗಳೆಲ್ಲ ಇದೇ ಕೆಲಸ ಮಾಡುತ್ತಿದ್ದವು, ಕಬ್ಬಿಣದ ಕವಚದ ಒಳಗೆ. ಕಣ್ಣಿಂದ ನೋಡಿದ್ದು ಇದೇ ಮೊದಲು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು. ಇದನ್ನು ಮಾಣಿಕಣ್ಣ ನೋಡಬೇಕಿತ್ತು. ಅವನು ನೋಡಬೇಕಾದ್ದನ್ನು ನಾನು ನೋಡುತ್ತಿದ್ದೆ, ಇದರಲ್ಲೂ.

ಅಳುತ್ತಲೇ ಒಂದು ಫಜೀತಿ ಮಾಡಿಕೊಂಡೆ. ಮೋಟರ್ ಓಡಿಸಿದ ಮೇಲೆ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುವುದು ನಮ್ಮ ಕಸುಬಿನವರ ಚಾಳಿ. ಅಂಗೈಯಿಂದ ಮುಟ್ಟಬಾರದು, ಕರೆಂಟು ಹೊಡೆದರೆ ಕೈ ಹಿಡಿದುಕೊಂಡುಬಿಡುತ್ತದೆ; ಕೈಯ ಹಿಂಭಾಗದಿಂದ ತಾಗಿಸಬೇಕು ಎಂದು ಉಸ್ತಾದರು ಕೆನ್ನೆಗೆ ಹೊಡೆದು ಕಲಿಸಿದ್ದರು. ಪಕ್ಕದಲ್ಲಿ ಅಜ್ಜನ ಒಂದು ಹಳೆಯ ಮೋಟರ್ ಇತ್ತು. ನನಗೇ ಗೊತ್ತಿಲ್ಲದೆ ಅಡ್ಡ ಕಟ್ಟಿದ ಹಗ್ಗದ ಆಚೆ ಕೈ ಚಾಚಿ, ಕೈಯ ಹಿಂಭಾಗವನ್ನು ಅದಕ್ಕೆ ತಾಗಿಸಿದೆ. ಕಾವಲಿನವನು ಕೂಗಿಕೊಂಡು ಓಡಿಬಂದ. ಸಂಜು ಗಾಬರಿಯಾಗಿ ಹುಡುಗಿಗೆ ಏನೇನೋ ಹೇಳತೊಡಗಿದ. ನನ್ನನ್ನು ಉಳಿಸಲು ಅವನು ಹೇಳಿದ್ದು ಇದು: ಇವರು ನಮ್ಮ ಮಾಮಾ, ಮೋಟರ್ ಕಟ್ಟುವವರು, ಅಷ್ಟೇ ಅಲ್ಲ, ಇವರೂ ಒಂದು ಯಂತ್ರ ಕಂಡುಹಿಡಿದವರು, ನಮ್ಮ ಜಿಲ್ಲೆಯ ಪತ್ರಿಕೆಯಲ್ಲೆಲ್ಲ ಬಂದಿತ್ತು.

ಹುಡುಗಿಯ ಮುಖ ಅರಳಿತು. ಕಾವಲಿನವನನ್ನು ಕಳಿಸಿ, ಉಳಿದವರನ್ನು ಕಾಯಲು ಹೇಳಿ, ನನ್ನ ಮುಂದೆ ನಿಂತು ಕೇಳಿದಳು: ನಿಮ್ಮ ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಅಂದು ಮೇಳದಲ್ಲಿ ಪತ್ರಿಕೆಯವರಿಗೆ ಹೇಳಿದ್ದನ್ನೇ ಹೇಳಿದೆ. ಎರಡು ಫೇಸು ಇದ್ದಾಗ ಮೂರನೆಯದರ ಬದಲು ಕಂಡೆನ್ಸರ್, ಅಂದರೆ ಕರೆಂಟು ಹಿಡಿದಿಟ್ಟು ಮೋಟರಿಗೆ ಮೊದಲ ತಳ್ಳು ಕೊಡುವ ಬಿಡಿಭಾಗ, ಜೋಡಿಸಿದರೆ ಮೋಟರ್ ಏಳುತ್ತದೆ ಎಂದು. ಅವಳು ಗಮನವಿಟ್ಟು ಕೇಳಿ, ತಲೆಯಾಡಿಸಿ, ಇನ್ನೊಂದು ಕೇಳಿದಳು. ಸಂಜು ಕನ್ನಡಕ್ಕೆ ತಂದ: 'ಮೋಟರ್ ಎದ್ದ ಮ್ಯಾಲ ಆ ಕಂಡೆನ್ಸರ್ ಬಿಡಸೋರು ಯಾರು ಅಂತ ಕೇಳ್ತಾಳ್ರಿ. ಹಂಗೇ ಬಿಟ್ರ ಮೋಟರ್ ಸುಡ್ತದಲ್ಲ ಅಂತಾಳ.'

ನಿಜ. ನಿಂತ ಜೀಪನ್ನು ನಾಲ್ಕು ಜನ ತಳ್ಳಿದ ಹಾಗೆ ಅದು. ಶುರುವಾದ ಮೇಲೂ ತಳ್ಳುತ್ತಲೇ ಇದ್ದರೆ ಮುಗ್ಗರಿಸಿ ಬೀಳುತ್ತಾರೆ. ಮಾಣಿಕಣ್ಣನ ಡಬ್ಬಿಯೊಳಗೆ ಅದನ್ನು ತಾನಾಗಿ ಬಿಡಿಸುವ ಏನೋ ಒಂದು ಇತ್ತು. ಏನು? ಮೂವತ್ತು ವರ್ಷ ಅದು ನನ್ನದೆಂದು ಹೇಳಿಕೊಂಡವನಿಗೆ ಅದು ಹೇಗೆ ನಡೆಯುತ್ತದೆ ಎಂಬುದೇ ತಿಳಿದಿರಲಿಲ್ಲ. ಕೇಳಿಯೇ ಇರಲಿಲ್ಲ. ಹುಡುಗಿ ಜಾಣೆ. ನನ್ನ ಮುಖ ನೋಡಿ, ಇರಲಿ, ಹಳೆಯ ಮಾತು ಮರೆತಿರುತ್ತದೆ ಎಂದು ನಕ್ಕು ಮುಂದೆ ಹೋದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಕೋಟೆ

ಎರಡು ನದಿ ಕೂಡುವಲ್ಲಿ ಆ ಊರಿನವರ ಕೋಟೆ ಇದೆ. ಮಂದಿ ಸಂಸಾರ ಸಮೇತ ಬಂದು ಗೋಡೆಯ ಮೇಲೆ ಕುಳಿತು ಕುಂಬಳದ ಬೀಜ ತಿನ್ನುತ್ತ ನೀರು ನೋಡುತ್ತಾರೆ. ಬೀದರ ಕೋಟೆಯಲ್ಲಿ ನಾವೂ ಹೀಗೇ ಕೂತು ಶೇಂಗಾ ತಿನ್ನುತ್ತೇವೆ, ನದಿಯೊಂದಿಲ್ಲ ಅಷ್ಟೇ. ಅಲ್ಲಿ ಕೂತು ಸಂಜುವಿಗೆ ಎಲ್ಲ ಹೇಳಿದೆ.

ಅವನು ಬೀಜದ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ.

'ಮಾಮಾ, ನಿಮ್ಮ ಆ ಪೇಪರಿನ ಫೋಟೋ ನಮ್ಮ ಮನ್ಯಾಗ ಕಟ್ಟು ಹಾಕ್ಸಿ ಇಟ್ಟಾರ ಗೊತ್ತದಲ್ಲ? ಅದನ್ನ ನೋಡೇ ನಾ ಈ ಲೈನಿಗಿ ಬಂದೆ. ಸಾಲ್ಯಾಗ ನಿಮ್ಮ ಮ್ಯಾಲ ಭಾಷಣ ಮಾಡೀನಿ.'

'ಗೊತ್ತದಪ್ಪ. ಅದಕ್ಕೇ ನಿಂಗ ಹೇಳ್ದೆ.'

'ನಂಗ ಹೇಳಿದ್ರ ಏನ್ ಬಂತ್ರಿ?' ಅವನ ದನಿ ಏರಿತು. ಪಕ್ಕದವರು ತಿರುಗಿ ನೋಡಿದರು. 'ಆರು ಸಾವಿರ ಕಿಲೋಮೀಟರ್ ದೂರ ಬಂದು, ಕನ್ನಡ ಬರಲಾರದವರ ನಡುವ ಕುಂತು ಹೇಳ್ತೀರಿ! ಚಿಂತಾಕಿ ಭಾಲ್ಕಿಯಿಂದ ಎಷ್ಟು ದೂರದ್ರಿ ಮಾಮಾ?'

ಉಳಿದ ನಾಲ್ಕು ದಿನ ಸಂಜು ನನ್ನನ್ನು ಚೆನ್ನಾಗಿಯೇ ನೋಡಿಕೊಂಡ, ಊರು ತೋರಿಸಿದ, ಹೊರಡುವಾಗ ಕಾಲೂ ಮುಟ್ಟಿದ. ಆದರೆ ಮೊದಲಿನ ಸಲುಗೆ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ವಿಮಾನ ಹತ್ತಿದೆ.

ಚಿಂತಾಕಿ

ಭಾಲ್ಕಿಗೆ ಹೋಗಲಿಲ್ಲ. ಬೀದರಿನಲ್ಲಿ ಇಳಿದವನೇ ಚೀಲದ ಸಮೇತ ಔರಾದ ಬಸ್ಸು ಹಿಡಿದೆ. ಮನೆಗೆ ಹೋದರೆ ಮತ್ತೆ ಧೈರ್ಯ ಸಾಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಾಣಿಕಣ್ಣ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಮೊಟ್ಟೆ ತಿರುಗುವುದನ್ನು ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದೆ, ತೋರಿಸಿದೆ. ನಡುಗುವ ಕೈಯಲ್ಲಿ ಫೋನು ನಿಲ್ಲಲಿಲ್ಲ, ವೈನಿ ಹಿಡಿದರು. ಮೂರು ಸಲ ನೋಡಿದ. 'ಯವ್ವಾ, ಹ್ಯಾಂಗ ಎದ್ದು ನಿಂತ್ತು ನೋಡು' ಎಂದು ಹೆಂಡತಿಗೆ ತೋರಿಸಿ ಚಿಕ್ಕ ಮಕ್ಕಳಂತೆ ನಕ್ಕ.

ಅವನು ನಗುತ್ತಿರುವಾಗಲೇ ಹೇಳಿಬಿಟ್ಟೆ. 'ಮಾಣಿಕಣ್ಣ, ಆ ಮೇಳದಾಗ ಡಬ್ಬಿ ನಂದು ಅಂದೆ. ಅದು ನಿಂದು. ಇಷ್ಟು ವರ್ಷ ಬಾಯಿ ಮುಚ್ಕೊಂಡು ಕುಂತೆ. ತಪ್ಪಾಯ್ತು.'

'ನಂಗ ಇವತ್ತು ತಿಳೀತೇನೋ ಅದು? ಪೇಪರ್ ನಾನೂ ಓದೀನಿ.'

'ಸಿಟ್ಟು ಬರ್ಲಿಲ್ಲೇನು?'

'ಬಂತು. ಯಾಕ ಬರಂಗಿಲ್ಲ? ಇಕಿ ಅಂತೂ ಭಾಲ್ಕಿಗಿ ಹೋಗಿ ಜಗಳಾ ತೆಗಿತೇನಿ ಅಂತ ಹೊಂಟು ನಿಂತಿದ್ದಳು. ನಾನೇ ತಡದೆ. ನಮ್ಮ ಮಾತು ಯಾರು ಕೇಳ್ತಾರ ಅಂದೆ.' ವೈನಿ ನನ್ನ ಕಡೆ ನೋಡಲಿಲ್ಲ. ಮಾಣಿಕಣ್ಣ ಸ್ವಲ್ಪ ಸುಧಾರಿಸಿಕೊಂಡು ಹೇಳಿದ: 'ಆದ್ರ ಹೆಸರಿನ ಸಿಟ್ಟು ಇಳೀತು. ಇನ್ನೊಂದು ಇಳೀಲಿಲ್ಲ. ನೀ ಹೇಳಿದ್ದೇ ಗಲತ್ ಹೇಳಿದಿ.'

ನನಗೆ ಬೆಲ್‌ಗ್ರೇಡಿನ ಹುಡುಗಿಯ ಪ್ರಶ್ನೆ ನೆನಪಾಯಿತು.

'ಕಂಡೆನ್ಸರ್ ಹಚ್ಚಿದ್ರ ಸಾಕು ಅಂದಿ. ಬಿಡಸೋದು ಹೇಳ್ಲೇ ಇಲ್ಲ. ಪೇಪರಿನಾಗಿಂದು ಕೇಳಿ ಮಂದಿ ಬರೇ ಕಂಡೆನ್ಸರ್ ತಂದು ಹಚ್ಚಿದ್ರು. ಈ ಊರಾಗೇ ಎಷ್ಟು ಮೋಟರ್ ಸುಟ್ವು! ಹೊತ್ಕೊಂಡು ನನ್ನ ಕಡೇನೇ ಬಂದ್ರು. ಹಿಂಗ ಹಚ್ಚಬ್ಯಾಡ್ರೋ ಅಂದ್ರ, ಭಾಲ್ಕಿ ವೈಜನಾಥರು ಹೇಳ್ಯಾರ, ಡಬ್ಬಿ ಮಾಡಿದವರಿಗಿಂತ ನಿಂಗ ಹೆಚ್ಚು ತಿಳೀತದೇನು ಅಂತ ನಂಗೇ ಬೈದ್ರು.'

'ನಂಗ ಒಂದ್ ಮಾತು ಹೇಳಬೇಕಿತ್ತಲ್ಲ ಅಣ್ಣ.'

'ನೀ ಬಂದು ಕೇಳ್ತಿ ಅಂತ ದಾರಿ ನೋಡ್ದೆ. ಇದು ಹ್ಯಾಂಗ ನಡೀತದ ಅಂತ ಒಂದ್ ಸಲ ಕೇಳ್ತಿ ಅಂತ.'

'ಈಗ ಕೇಳ್ತೇನಿ' ಎಂದು ಕಿಸೆಯಿಂದ ಪೆನ್ನು ತೆಗೆದು, ವಿಮಾನದ ಟಿಕೆಟಿನ ಹಿಂದೆ ಬರೆಯಲು ಕೂತೆ.

ಅವನಿಗೆ ಹುರುಪು ಬಂತು. ಕಾಲು ಮಡಿಸಿ ನೆಟ್ಟಗೆ ಕೂತ. 'ಒಳಗ ತಂತಿ ಸುತ್ತಿದ ಒಂದು ಸಣ್ಣ ಕಾಯಿಲ್ ಇತ್ತು. ಮೋಟರ್ ಎದ್ದು ಜೋರು ಹಿಡೀತಂದ್ರ ಅದು...' ಎಂದು ನಿಲ್ಲಿಸಿದ. ಎರಡೂ ಕೈಯನ್ನು ಮುಂದೆ ತಂದು ಗಾಳಿಯಲ್ಲಿ ಏನೋ ಸುತ್ತಲು ನೋಡಿದ. ಕೈ ನಡುಗಿ ಬೇರೆಬೇರೆ ಕಡೆ ಹೋದವು. ಮತ್ತೆ ಮೊದಲಿಂದ ಹೇಳಿದ, ಅಲ್ಲೇ ನಿಂತ. ಮೂರನೇ ಸಲ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತ.

'ಬರ್ದು ಇಟ್ಟಿಲ್ಲೋ ವೈಜು. ಕೈಗಿ ಗೊತ್ತಿತ್ತು. ಈಗ ನಂಗೂ ನೆನಪಿಗಿ ಬರವಲ್ದು.' ಆಮೇಲೆ ಅವನ ಮುಖಕ್ಕೆ ಬೆಳಕು ಬಂತು. 'ಮೇಳದಾಗ ಇಟ್ಟ ಡಬ್ಬಿ ನಿನ್ನ ಅಂಗಡ್ಯಾಗ ಅದ ಅಲ್ಲೋ? ನಾಳಿ ತಗೊಂಡು ಬಾ. ಬಿಚ್ಚಿ ನೋಡಿದ್ರ ನೆನಪಾಗ್ತದ.'

ಅವನು ಊರಿನ ಕೆಲವರಿಗೆ ಮಾಡಿಕೊಟ್ಟಿದ್ದ ಡಬ್ಬಿಗಳೆಲ್ಲ, ಅದೇ ಕೆಲಸದ ಕಂಪನಿಯ ಸ್ಟಾರ್ಟರು ಪೇಟೆಗೆ ಬಂದ ಮೇಲೆ, ಮೂಲೆ ಸೇರಿ ತುಕ್ಕು ಹಿಡಿದು ಹೋದವು. ಉಳಿದದ್ದು ಅದೊಂದೇ. ಅದನ್ನು ನಾನು ಅಂಗಡಿ ಬದಲಿಸುವಾಗ ಹಳೆಯ ಕಬ್ಬಿಣದ ಜೊತೆ ಗುಜರಿಗೆ ಹಾಕಿದ್ದೆ. ಸನ್ಮಾನದ ಶಾಲುಗಳನ್ನು ಮಾತ್ರ ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಅವನಿಗೆ ಇದನ್ನೂ ಹೇಳಿದೆ. ಮಾಣಿಕಣ್ಣ 'ಹಾಂ' ಎಂದ. ಆಮೇಲೆ ಊಟ ಮಾಡಿಕೊಂಡು ಹೋಗು ಎಂದ. ವೈನಿ ಒಳಗೆ ಹೋಗಿ ರೊಟ್ಟಿ ತಟ್ಟತೊಡಗಿದರು. ನಾನು ಉಂಡೆ; ಹೇಗೆ ಉಂಡೆನೋ ನನಗೇ ತಿಳಿಯದು.

ಅಚ್ಚಿನಲ್ಲಿ ಆದ ತಪ್ಪನ್ನು ಅಚ್ಚಿನಲ್ಲೇ ತಿದ್ದಬೇಕೆಂದು ಇದನ್ನು ಬರೆದಿದ್ದೇನೆ. ಎರಡು ಫೇಸಿನಲ್ಲಿ ಮೋಟರ್ ಓಡಿಸುವ ಆ ಡಬ್ಬಿಯನ್ನು ಮಾಡಿದವನು ಔರಾದ ತಾಲ್ಲೂಕು ಚಿಂತಾಕಿಯ ಮಾಣಿಕಪ್ಪ. ನಾನಲ್ಲ. ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಮಾತ್ರ ಕೇಳಬೇಡಿ. ನನಗೆ ಗೊತ್ತಿಲ್ಲ. ಈಗ ಯಾರಿಗೂ ಗೊತ್ತಿಲ್ಲ.